ಗುಂಡು ಮೊದಲು, ಕೇಸು ಆಮೇಲೆ

ಸೇನಾ ಭರ್ತಿಗೆಂದು ರಾಯದುರ್ಗದಲ್ಲಿ ದಿನಾ ಬೆಳಗ್ಗೆ ಓಡುವ ಹುಡುಗನೊಬ್ಬ ಮೊನ್ನೆ ಹೇಳಿದ: "ಉದ್ದನೆ ಮ್ಯಾಗ್ನಮ್ ತೋಟಾಗಳ ಕಾಲ ಮುಗೀತು ಸಾರ್. ಈಗೆಲ್ಲ ಶಾರ್ಟ್ ಮ್ಯಾಗ್ನಮ್. ಗಿಡ್ಡ ಇದ್ರೂ ಅಷ್ಟೇ ವೇಗ, ಗುರಿ ಇನ್ನೂ ಪಕ್ಕಾ." ಫೋನಿನ ವಿಡಿಯೊಗಳಿಂದ ಬಂದ ಮಾತಿದು, ಈಗ ಎಲ್ಲ ಕಡೆ ಕೇಳುತ್ತಿದೆ. ಗಿಡ್ಡ ಎಂಬುದು ನಿಜ, ವೇಗ ಸಮ ಎಂಬುದೂ ನಿಜ. ಗುರಿಯ ಮಾತು ಮಾತ್ರ ಹತ್ತಿರಕ್ಕೆ ಒಪ್ಪುತ್ತದೆ, ದೂರಕ್ಕೆ ಒಪ್ಪುವುದಿಲ್ಲ. ಸಾವಿರ ಮೀಟರಿನ ಆಸುಪಾಸಿನ ಗುರಿಗೆ ತೋಟಾ ಆರಿಸುವವರು ಮೊದಲು ನೋಡಬೇಕಾದದ್ದು ಅದು ಎಷ್ಟು ಉದ್ದದ ಗುಂಡನ್ನು ಹೊರಬಲ್ಲದು ಎಂಬುದನ್ನು. ಆ ಲೆಕ್ಕದಲ್ಲಿ ಉದ್ದನೆಯ ಮ್ಯಾಗ್ನಮ್ಮೇ ಇಂದಿಗೂ ಮುಂದು.

ಎರಡು ಹೆಸರಾಂತ ಮ್ಯಾಗ್ನಮ್‌ಗಳನ್ನು, ಅಂದರೆ ಹೆಚ್ಚು ಮದ್ದಿನ ತೋಟಾಗಳನ್ನು, ಪಕ್ಕಪಕ್ಕ ಇಟ್ಟು ನೋಡೋಣ. .300 ವಿಂಚೆಸ್ಟರ್ ಮ್ಯಾಗ್ನಮ್ 1963ರದ್ದು. ಗುಂಡೂ ಸೇರಿ ಅದರ ಉದ್ದ 84.8 ಮಿ.ಮೀ. .300 ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಮ್ 2001ರಲ್ಲಿ ಪೇಟೆಗೆ ಬಂತು, ಉದ್ದ 72.6 ಮಿ.ಮೀ. ಗಿಡ್ಡದರ ಕೇಸು, ಅಂದರೆ ಮದ್ದು ತುಂಬುವ ಲೋಹದ ಕವಚ, ದಪ್ಪಗಿದೆ, ಕತ್ತಿನ ಕಡೆಗೆ ಅದು ಕಿರಿದಾಗುವ ಹೆಗಲು ಚೂಪಾಗಿದೆ. 180 ಗ್ರೇನಿನ, ಅಂದರೆ ಸುಮಾರು 11.7 ಗ್ರಾಮಿನ ಗುಂಡನ್ನು ಎರಡೂ ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಚಿಮ್ಮಿಸುತ್ತವೆ. ಗಿಡ್ಡದು ಅದನ್ನು ಕಡಿಮೆ ಮದ್ದಿನಲ್ಲಿ ಮಾಡುತ್ತದೆ.

ಗಿಡ್ಡದರ ಪರವಾದ ವಾದಗಳಲ್ಲಿ ಗೌರವಿಸಬೇಕಾದವೂ ಇವೆ. 1970ರ ದಶಕದಲ್ಲಿ ಅಮೆರಿಕದ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ಗಿಡ್ಡ, ದಪ್ಪ ಕೇಸಿನ ಪಿಪಿಸಿ ತೋಟಾ ರೂಪಿಸಿದರು. ಮೇಜಿನ ಮೇಲೆ ರೈಫಲ್ ಊರಿ ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧೆಗಳನ್ನು ಅದು ದಶಕಗಳ ಕಾಲ ಆಳಿತು. ಗಿಡ್ಡ ಕೇಸಿನಲ್ಲಿ ಮದ್ದು ಪ್ರತಿ ಈಡಿಗೂ ಒಂದೇ ಸಮ ಹೊತ್ತಿಕೊಳ್ಳುತ್ತದೆ ಎಂಬ ನಂಬಿಕೆ ಬೆಳೆದದ್ದು ಅಲ್ಲಿಂದ. ಹಳೆಯ ಮ್ಯಾಗ್ನಮ್‌ಗಳ ಬುಡದ ಸುತ್ತ ಇರುವ ಪಟ್ಟಿಯನ್ನು ಗಿಡ್ಡವು ಕೈಬಿಟ್ಟದ್ದೂ ಸರಿಯೇ: ಇಳಿಜಾರು ಮೈಯ ಕೇಸು ನಳಿಗೆಯ ಬುಡದ ಚೇಂಬರಿನಲ್ಲಿ ಸರಿಯಾಗಿ ನಿಲ್ಲಲು ಆ ಪಟ್ಟಿ ಬೇಕಿತ್ತು, ಸ್ಪಷ್ಟ ಹೆಗಲಿರುವ ಕೇಸಿಗೆ ಬೇಕಿಲ್ಲ. ತೋಟಾ ಗಿಡ್ಡವಾದಾಗ ಅದನ್ನು ಒಳತಳ್ಳುವ ಬೋಲ್ಟೂ ಚಿಕ್ಕದಾಗಿ ರೈಫಲ್ ಹಗುರಾಗುತ್ತದೆ ಎಂಬುದನ್ನೂ ಒಪ್ಪೋಣ. ಗಿಡ್ಡ ಮ್ಯಾಗ್ನಮ್ ಹೆಚ್ಚು ಜೋರಾಗಿ ಬಡಿಯುತ್ತದೆ ಎನ್ನುವವರು ಮಾತ್ರ ತೂಕ ಮತ್ತು ವೇಗದ ಲೆಕ್ಕವನ್ನೇ ಮಾಡಿದವರಲ್ಲ.

ಆದರೆ ಪಿಪಿಸಿ ಗೆದ್ದದ್ದು ನೂರು, ಇನ್ನೂರು ಗಜದ ಅಂಕಣದಲ್ಲಿ. ದೂರ ಹೆಚ್ಚಾದಂತೆ ಆಟದ ಯಜಮಾನಿಕೆ ಗಾಳಿಯ ಕೈಗೆ ಹೋಗುತ್ತದೆ. ಗಾಳಿಯ ವಿಷಯವನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಹಗರಿ ಹೊಳೆಯ ಮರಳನ್ನು ಎತ್ತಿ ತಂದು ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳ ಮೇಲೆ ದಿಬ್ಬ ಕಟ್ಟಿದ್ದು ಈ ಗಾಳಿಯೇ. ಕಲ್ಯಾಣದುರ್ಗ, ಬೆಳುಗುಪ್ಪದ ಸುತ್ತ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಈ ಗಾಳಿಯನ್ನೇ ನಂಬಿ. ಆಷಾಢದಲ್ಲಿ ಬಯಲಿನಲ್ಲಿ ನಿಂತರೆ ಅದು ಒಂದೇ ದಿಕ್ಕಿನಿಂದ ತಳ್ಳುತ್ತದೆ. ಮಡಕಶಿರಾದ ಬೆಟ್ಟದ ಸಂದುಗಳಲ್ಲಾದರೆ ಅದೇ ಗಾಳಿ ನೂರು ಹೆಜ್ಜೆಗೊಮ್ಮೆ ದಿಕ್ಕು ಬದಲಿಸುತ್ತದೆ. ನಿಂತಲ್ಲಿ ಒಂದು, ನಡುದಾರಿಯಲ್ಲಿ ಇನ್ನೊಂದು, ಗುರಿಯ ಬಳಿ ಮತ್ತೊಂದು.

ಗುಂಡನ್ನು ಗಾಳಿ ಎಷ್ಟು ತಳ್ಳುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ನಿರ್ವಾತದಲ್ಲಾಗಿದ್ದರೆ 900 ಮೀಟರ್ ವೇಗದ ಗುಂಡು 900 ಮೀಟರ್ ದೂರವನ್ನು ಒಂದು ಸೆಕೆಂಡಿನಲ್ಲಿ ಮುಟ್ಟುತ್ತಿತ್ತು. ಎದುರಿನ ಹವೆ ತಡೆಯುವುದರಿಂದ ಸಾಧಾರಣ 180 ಗ್ರೇನ್ ಗುಂಡಿಗೆ ಸುಮಾರು ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ತಡವಾದ ಈ ಅರ್ಧ ಸೆಕೆಂಡನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಸರಿಯುವ ದೂರ ಸಿಗುತ್ತದೆ. ಗಂಟೆಗೆ 16 ಕಿಲೋಮೀಟರ್ ವೇಗದ ಗಾಳಿಗೆ ಅದು ಸುಮಾರು ಎರಡು ಮೀಟರ್. ಅದೇ ದಪ್ಪದ, ಆದರೆ 215 ಗ್ರೇನ್ ತೂಕದ, ಉದ್ದನೆಯ ನಯವಾದ ಗುಂಡು ನಳಿಗೆಯಿಂದ ತುಸು ನಿಧಾನವಾಗಿಯೇ ಹೊರಟರೂ ಹವೆಗೆ ಕಡಿಮೆ ವೇಗ ಕಳೆದುಕೊಳ್ಳುತ್ತದೆ. ಅದು ಸರಿಯುವುದು ಸುಮಾರು ಒಂದೂವರೆ ಮೀಟರ್. ಗಾಳಿಯನ್ನು ಅಂದಾಜಿಸುವಾಗ ಕಣ್ಣು ಮಾಡುವ ತಪ್ಪಿನ ಪರಿಣಾಮವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕೇಸಿನ ಆಕಾರ ತಂದುಕೊಡುವ ಯಾವ ಸೂಕ್ಷ್ಮ ಲಾಭವೂ ಈ ಅರ್ಧ ಮೀಟರಿಗೆ ಸಮ ಬಾರದು.

ಉದ್ದನೆಯ ಗುಂಡಿಗೆ ಜಾಗ ಬೇಕು. ಗಿಡ್ಡ ಮ್ಯಾಗ್ನಮ್‌ನ ಮ್ಯಾಗಜಿನ್ನಿನಲ್ಲಿ ಅದು ಹಿಡಿಯಬೇಕೆಂದರೆ ಗುಂಡಿನ ಬಾಲವನ್ನು ಕೇಸಿನೊಳಕ್ಕೆ ಆಳವಾಗಿ ತಳ್ಳಬೇಕು. ಮೊದಲೇ ಚಿಕ್ಕದಾದ ಮದ್ದಿನ ಜಾಗ ಇನ್ನೂ ಕುಗ್ಗುತ್ತದೆ. ಉದ್ದನೆಯ ಬೋಲ್ಟಿನ ರೈಫಲ್‌ಗೇ ಗಿಡ್ಡ ತೋಟಾ ಅಳವಡಿಸಿದರಾಯಿತು ಎನ್ನುವವರಿದ್ದಾರೆ. ಕೆಲಸವೇನೋ ಆಗುತ್ತದೆ, ಆದರೆ ಹಗುರ, ಚಿಕ್ಕದು ಎಂಬ ಹೆಗ್ಗಳಿಕೆ ಅಲ್ಲಿಗೆ ಮುಗಿಯಿತು. 2018ರಲ್ಲಿ ಹಾರ್ನಡಿ ಕಂಪನಿ ದೂರದ ಗುರಿಗೆಂದೇ .300 ಪಿಆರ್‌ಸಿ ತಂದಾಗ ಪಟ್ಟಿಯನ್ನು ಬಿಟ್ಟಿತು, ಚೂಪು ಹೆಗಲನ್ನು ಉಳಿಸಿಕೊಂಡಿತು, ಉದ್ದವನ್ನು ಮಾತ್ರ ಸುಮಾರು 94 ಮಿ.ಮೀ.ಗೆ ಏರಿಸಿತು. ಗಿಡ್ಡದರಿಂದ ಕಲಿಯಬೇಕಾದದ್ದನ್ನು ಕಲಿತು ಉದ್ದಕ್ಕೇ ಮರಳಿದ ನಿರ್ಧಾರವದು.

ಉದ್ದನೆಯ ತೋಟಾಗಳ ವಂಶದಲ್ಲಿ ನಮ್ಮಂಥ ಬಿಸಿಲುನಾಡಿನ ಗುರುತೂ ಇದೆ. ಇಂಗ್ಲೆಂಡಿನ ರಿಗ್ಬಿ ಕಂಪನಿ 1911ರಲ್ಲಿ .416 ತೋಟಾ ರೂಪಿಸಿದಾಗ ಮದ್ದು ಕಾರ್ಡೈಟ್. ಬಿಸಿಲೇರಿದರೆ ಅದರ ಒತ್ತಡವೂ ಏರುತ್ತಿತ್ತು, ಖಾಲಿ ಕೇಸು ಚೇಂಬರಿನಲ್ಲಿ ಕಚ್ಚಿಕೊಳ್ಳುತ್ತಿತ್ತು. ಇಂಡಿಯಾ, ಆಫ್ರಿಕಾದ ಬೇಟೆಗಾರ ಎರಡನೇ ಈಡಿಗೆ ತಡಕಾಡುತ್ತ ನಿಂತರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಕೇಸನ್ನು ದೊಡ್ಡದು ಮಾಡಿ ಒತ್ತಡವನ್ನು ತಗ್ಗಿಸಿದರು. 1980ರ ದಶಕದಲ್ಲಿ ಅದೇ ಕೇಸಿನ ಗೋಡೆಯನ್ನು ಹೆಚ್ಚಿನ ಒತ್ತಡಕ್ಕೆ ಗಟ್ಟಿಗೊಳಿಸಿ, ಕತ್ತನ್ನು ಕಿರಿದು ಮಾಡಿದಾಗ .338 ಲಾಪುವಾ ಮ್ಯಾಗ್ನಮ್ ಹುಟ್ಟಿತು: ಒಟ್ಟು ಉದ್ದ 93.5 ಮಿ.ಮೀ., ಪಟ್ಟಿ ಇಲ್ಲ, 250 ಗ್ರೇನ್ ಗುಂಡಿಗೆ ಸೆಕೆಂಡಿಗೆ ಸುಮಾರು 900 ಮೀಟರ್ ವೇಗ.

ನಮ್ಮ ಸೇನೆ ದಶಕಗಳ ಕಾಲ ನೆಚ್ಚಿಕೊಂಡ ಡ್ರಾಗುನೊವ್ ರೈಫಲ್‌ನ ವ್ಯಾಪ್ತಿ 800 ಮೀಟರ್. ಅದನ್ನು ದಾಟಲು ಗಡಿ ನಿಯಂತ್ರಣ ರೇಖೆಗೆ ತರಿಸಿದ ಇಟಲಿಯ ಸ್ಕಾರ್ಪಿಯೊ ಮತ್ತು ಫಿನ್ಲೆಂಡಿನ ಸಾಕೊ ಎರಡೂ .338ರವು. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ರೂಪಿಸಿದ 'ಸೇಬರ್' ಕೂಡ ಅದೇ ತೋಟಾದ್ದು. ಸಾಕೊ ಟಿಆರ್‌ಜಿ-42 ದುರ್ಬೀನಿಲ್ಲದೆಯೇ 5 ಕಿಲೋ ದಾಟುತ್ತದೆ. ಹಿಮದ ದಾರಿಯಲ್ಲಿ ಅದನ್ನು ಹೊರುವ ಯೋಧನ ಹೆಗಲ ನೋವು ಸುಳ್ಳಲ್ಲ. ಆದರೆ ಕಣಿವೆಯಾಚೆಗಿನ ಗುರಿಗೆ ಮುಟ್ಟದ ರೈಫಲ್ ಎಷ್ಟು ಹಗುರವಿದ್ದರೂ ಅವನಿಗೆ ಹೊರೆಯೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಬಯಲಿನ ಕೃಷ್ಣಮೃಗಕ್ಕೆ ಯಾವ ಮ್ಯಾಗ್ನಮ್ಮಿನ ಭಯವೂ ಇರಬೇಕಿಲ್ಲ, ಅದು ಹಾಗೇ ಇರಲಿ. ಈ ಚರ್ಚೆ ನಮ್ಮಲ್ಲಿ ನಿಜವಾಗಿ ಮುಟ್ಟುವುದು ಸೈನಿಕನನ್ನು, ಅವನಿಗಾಗಿ ರೈಫಲ್ ರೂಪಿಸುವ, ಕೊಳ್ಳುವ ಜನರನ್ನು. ಹೊಸದರ ಮೋಹವಾಗಲಿ ಹಳೆಯದರ ಮಮಕಾರವಾಗಲಿ ಅವರಿಗೆ ಸಲ್ಲದು. ಮೊದಲು ದೂರ ಗೊತ್ತಾಗಲಿ, ದೂರಕ್ಕೆ ತಕ್ಕ ಗುಂಡು ಗೊತ್ತಾಗಲಿ, ಆ ಗುಂಡಿಗೆ ಜಾಗ ಕೊಡುವ ಕೇಸು ಆಮೇಲೆ ಬರಲಿ. ಮುನ್ನೂರು ಮೀಟರಿಗೆ ಗಿಡ್ಡ ಮ್ಯಾಗ್ನಮ್ ಚೆನ್ನಾಗಿಯೇ ಸಲ್ಲುತ್ತದೆ. ಸಾವಿರ ಮೀಟರಿಗೆ ಉದ್ದನೆಯದೇ ಬೇಕು.