ಎಲ್ಲಾ ಹುಳಕ್ಕೂ ಒಂದೇ ಹೆಸರೇನು?

ನಮ್ಮ ಕೊಹೀರ ಕಡೆ ತೊಗರಿಗೆ ಯಾವ ಹುಳ ಬಿದ್ದರೂ ಹೆಸರು ಒಂದೇ: ಕಾಯಿ ಕೀಡಿ. ಹೆಸರು ಒಂದಾದ ಮ್ಯಾಲೆ ಎಣ್ಣಿನೂ ಒಂದೇ. ಅಂಗಡಿಯವ ಕೊಟ್ಟ ಡಬ್ಬಿ ತಂದು ಹೊಡಿಯೋದು, ಸಾಯದಿದ್ದರ ಮತ್ತೊಂದು ಡಬ್ಬಿ. ಈ ರೂಢಿ ಬಿಡಬೇಕು ಅಂತ ನಾನು ಖಡಾಖಂಡಿತ ಹೇಳ್ತೀನಿ.

ಹುಳದ ತಾಯಿ ಪತಂಗ. ತೊಗರಿಗೆ ಬರುವವು ಮುಖ್ಯವಾಗಿ ಮೂರು. ಹೆಲಿಕೋವರ್ಪಾ ದಪ್ಪ ಮೈಯದು, ಮಣ್ಣಿನ ಬಣ್ಣದ್ದು. ಮುಂದಿನ ರೆಕ್ಕಿ ನಡುವೆ ಕಪ್ಪು ಮಚ್ಚಿ, ಹಿಂದಿನ ರೆಕ್ಕಿ ಅಂಚಿಗೆ ಕಪ್ಪು ಪಟ್ಟಿ. ತತ್ತಿ ಬಿಡಿಬಿಡಿಯಾಗಿ ಇಡ್ತದ. ಇದರ ಹುಳ ಕಾಯಿಗೆ ದುಂಡನ ತೂತು ಕೊರೆದು, ತಲಿ ಒಳಗ ಮೈ ಹೊರಗ ಇಟ್ಟು ತಿಂತದ. ಎರಡನೇದು ಮರುಕಾ. ರೆಕ್ಕಿ ಹರವಿ ಕೂಡ್ತದ. ಕಂದು ರೆಕ್ಕಿಯೊಳಗ ಗಾಜಿನಂಥ ಬಿಳಿ ಮಚ್ಚಿ. ಹುಳ ಹೂವು, ಎಲಿ, ಕಾಯಿ ಎಲ್ಲಾ ನೂಲಿನಿಂದ ಸೇರಿಸಿ ಗೂಡು ಕಟ್ಟಿ ಒಳಗ ಅಡಗ್ತದ. ಮೂರನೇದು ಗರಿ ಪತಂಗ. ಸಣ್ಣ ಮೈ, ಹಕ್ಕಿ ಪುಕ್ಕದಂಗ ಸೀಳಿದ ರೆಕ್ಕಿ. ಇದರ ಹುಳದ ಮೈತುಂಬ ಮುಳ್ಳುಗೂದಲು. ವಿಜ್ಞಾನಿಗಳು ಈ ಮೂರನ್ನೂ ಬ್ಯಾರೆ ಬ್ಯಾರೆ ಕುಟುಂಬಕ್ಕೆ ಸೇರಿಸ್ಯಾರ.

ಇನ್ನ ಕಾಯಿ ನೊಣ ಪತಂಗವೇ ಅಲ್ಲ. ಪತಂಗಕ್ಕ ನಾಲ್ಕು ರೆಕ್ಕಿ, ಮುಟ್ಟಿದರ ಬೆರಳಿಗೆ ಪುಡಿ ಹತ್ತತದ. ನೊಣಕ್ಕ ಎರಡೇ ರೆಕ್ಕಿ. ಅದರ ಮರಿಗೆ ಕಾಲಿಲ್ಲ, ಕಾಯಿಯೊಳಗೇ ಇದ್ದು ಕಾಳು ತಿಂತದ.

"ಫರಕ್ ತಿಳಿದು ಏನು ಮಾಡೋದು, ಸತ್ತರ ಸಾಕು" ಅನ್ನೋರಿಗೆ ಕೇಳ್ತೀನಿ: ಸಾಯ್ತದೇನು? ಗಿಡ ಅಲ್ಲಾಡಿಸಿದರ ಹೆಲಿಕೋವರ್ಪಾ ಹುಳ ಕೆಳಗ ಹಾಸಿದ ಬಟ್ಟಿಗೆ ಉದುರತಾವ; ಗೂಡಿನೊಳಗಿನ ಮರುಕಾ ಉದುರೋದಿಲ್ಲ, ಎಣ್ಣಿನೂ ಅದಕ್ಕ ಸರಿಯಾಗಿ ತಾಕೋದಿಲ್ಲ. ಹೆಲಿಕೋವರ್ಪಾ ಬಹಳ ಎಣ್ಣಿಗಳನ್ನ ಜೀರ್ಣಿಸಿಕೊಂಡು ಗಟ್ಟಿಯಾಗ್ಯದ. ಹೊಲದೊಳಗ ಹಾಕೋ ಮೋಹಕ ಬಲಿ ನೋಡ್ರಿ: ಹೆಲಿಕೋವರ್ಪಾದ ವಾಸನಿ ಇಟ್ಟರ ಆ ಜಾತಿಯ ಗಂಡು ಪತಂಗ ಬರ್ತದ, ಮರುಕಾ ಬರೋದಿಲ್ಲ. ಬಲಿ ಖಾಲಿ ಅದ ಅಂತ ಸುಮ್ಮನ ಕೂತವನ ಬೆಳಿ ಮರುಕಾದ ಪಾಲು. ಕತ್ತಲಾಗ ಹಾರೋ ಪತಂಗ ತನ್ನ ಜಾತಿ ಗುರುತಿಸ್ತದ, ಹಗಲಾಗ ನೋಡೋ ನಮಗ ಆಗಬಾರದೇನು? ಗೊತ್ತಿಲ್ಲದ ಹೊಡೆದ ಎಣ್ಣಿಗೆ ಜೇನು ಸಾಯ್ತಾವ, ರೊಕ್ಕ ಹೋಗ್ತದ, ಹೊಡೆದವನ ಮೈಗೂ ವಿಷ ಹತ್ತತದ.

2022ರಲ್ಲಿ ತಾಂಡೂರ ತೊಗರಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿತು. ಬ್ಯಾಳಿಗೆ ಊರ ಹೆಸರು ಬೇಕು, ಅದನ್ನ ತಿನ್ನೋ ಹುಳಕ್ಕ ಅದರ ಹೆಸರು ಬ್ಯಾಡೇನು? ನಾನು ಪದ ಹಾಡೋನು. ಧಾಟಿ ಧಾಟಿಯ ಫರಕ್ ತಿಳಿಯದವನನ್ನ ಮ್ಯಾಳದಾಗ ಕೂಡಿಸಿಕೊಳ್ಳಂಗಿಲ್ಲ. ಹೊಲಕ್ಕೂ ಅದೇ ಮಾತು.

ಮಾಸ್ತರರೇ, ನಿಮ್ಮ ಪುಸ್ತಕದಾಗ ಬಣ್ಣದ ಪಾತರಗಿತ್ತಿ ಅದ. ಪಾತರಗಿತ್ತಿಯ ಮೀಸಿ ತುದಿಗೆ ಗುಂಡಗಿರ್ತದ, ಪತಂಗದ್ದು ನೂಲಿನಂಗ ಇಲ್ಲಾ ಗರಿಯಂಗ ಇರ್ತದ ಅಂತ ಮಕ್ಕಳಿಗೆ ತೋರಸ್ರಿ. ತೊಗರಿ ಹೂ ಬಿಟ್ಟಾಗ ಒಂದು ಸಂಜಿ ದೀಪದ ಮುಂದ ಬಿಳಿ ಧೋತರ ಕಟ್ರಿ, ಬಂದು ಕೂತ ಪತಂಗಗಳನ್ನ ಮಕ್ಕಳೇ ಬೇರ್ಪಡಿಸಲಿ. ಹುಡುಗರು ಮನಿಗೆ ಬಂದು "ಅಪ್ಪಾ, ಇದು ಹೆಲಿಕೋವರ್ಪಾ ಅಲ್ಲ, ಮರುಕಾ" ಅಂತ ಹೇಳಿದ ದಿನ ಅಂಗಡಿಯವನ ಮಾತು ಹೊಲದಾಗ ನಡಿಯೋದಿಲ್ಲ.