ಲೋಕಸೇವೆಯ ವ್ಯಾಸಂಗದಲ್ಲಿ ಕ್ಷೇತ್ರಾನುಭವದ ಸ್ಥಾನ

ಲೋಕಸೇವೆಗೆ ಸಿದ್ಧರಾಗುವವರಿಗೆ ಗ್ರಂಥಜ್ಞಾನವೊಂದೇ ಸಾಲದೆಂಬುದು ಸರ್ವರೂ ಒಪ್ಪಿದ ಮಾತು. 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆ ಆರಂಭವಾಯಿತು. ಆ ವಿದ್ಯೆ ದೇಶದ ವಿಶ್ವವಿದ್ಯಾನಿಲಯಗಳಿಗೆ ಹಬ್ಬಿದಂತೆ ಕ್ಷೇತ್ರಕಾರ್ಯವೂ ಅದರ ಅವಿಭಾಜ್ಯ ಅಂಗವಾಗಿ ಜೊತೆಯಲ್ಲೇ ಬಂದಿತು. 2016ರ ಕಾಯಿದೆಯಿಂದ ರೂಪುಗೊಂಡ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲಿ ಗ್ರಾಮದ ಆಡಳಿತವೇ ಅಧ್ಯಯನದ ವಸ್ತು. ಐ.ಎ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ಮಸ್ಸೂರಿಯ ಪಾಠ ಮುಗಿದೊಡನೆ ಅಧಿಕಾರ ವಹಿಸಿಕೊಳ್ಳುವುದಿಲ್ಲ. ಸುಮಾರು ಒಂದು ವರ್ಷ ಜಿಲ್ಲೆಯೊಂದರಲ್ಲಿ ತರಬೇತಿ ಪಡೆಯುತ್ತಾರೆ. ಆದುದರಿಂದ ವಿದ್ಯಾರ್ಥಿಯು ಹಳ್ಳಿಗೆ ಹೋಗಬೇಕೇ ಬೇಡವೇ ಎಂಬುದು ಈಗಿನ ಪ್ರಶ್ನೆಯಲ್ಲ. ಹೋಗಿ ಏನನ್ನು ಕಲಿಯಬೇಕು ಎಂಬುದು ಪ್ರಶ್ನೆ.

ಈಗಿನ ವಾಡಿಕೆ ಬಹುಮಟ್ಟಿಗೆ ಹೀಗಿದೆ. ವಿದ್ಯಾರ್ಥಿಯು ಕೆಲವು ವಾರಗಳ ಮಟ್ಟಿಗೆ ಕಚೇರಿಯೊಂದಕ್ಕೆ ಬರುತ್ತಾನೆ. ಗಣಕಯಂತ್ರಕ್ಕೆ ಅಂಕಿ ಅಂಶಗಳನ್ನು ತುಂಬುತ್ತಾನೆ, ಒಂದು ಗ್ರಾಮಸಭೆಯನ್ನು ನೋಡುತ್ತಾನೆ, ವರದಿ ಬರೆದು ಪ್ರಮಾಣಪತ್ರ ಪಡೆದು ಹೊರಡುತ್ತಾನೆ. ಅವನು ನೋಡಿದ್ದು ಬಹಳ. ಕೊನೆಯವರೆಗೆ ನೋಡಿದ್ದು ಒಂದೂ ಇಲ್ಲ. ಅರ್ಜಿಯನ್ನು ಸ್ವೀಕರಿಸುವಾಗ ಎಲ್ಲ ಕಚೇರಿಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಆಡಳಿತದ ಗುಣದೋಷಗಳು ಗೋಚರಿಸುವುದು ಆ ಅರ್ಜಿ ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಬೆನ್ನು ಹತ್ತಿದಾಗ ಮಾತ್ರ.

ಇದನ್ನು ಕಲಿಯಲು ಜೋಗದ ಸೀಮೆಗಿಂತ ತಕ್ಕ ಪಾಠಶಾಲೆ ಬೇರೊಂದು ದೊರೆಯುವುದು ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊಸನಗರದ ಸೀಮೆಯನ್ನು ಹಾಯ್ದು, ಜೋಗದಲ್ಲಿ 253 ಮೀಟರು ಧುಮುಕುತ್ತದೆ. 1948ರಲ್ಲಿ ಅಲ್ಲಿ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಿತು. ನಾಡಿಗೆ ಬೆಳಕು ಬಂದಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿಗೆ ಸೇರಿದವು. ಗದ್ದೆ ತೋಟಗಳನ್ನು ಬಿಟ್ಟೆದ್ದ ಕುಟುಂಬಗಳು ಕಾಡಿನ ಅಂಚಿನಲ್ಲಿ ಹೊಸದಾಗಿ ನೆಲೆಯೂರಿದವು. ಅವುಗಳಲ್ಲಿ ಅನೇಕರಿಗೆ ಸಾಗುವಳಿ ಮಾಡಿದ ನೆಲದ ಹಕ್ಕುಪತ್ರ ಕೈಗೆ ಬರಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅರಣ್ಯಭೂಮಿಯನ್ನು ಅನ್ಯ ಬಳಕೆಗೆ ಕೊಡಲು ಕೇಂದ್ರದ ಪೂರ್ವಾನುಮತಿ ಅಗತ್ಯವಾಯಿತು, ತೊಡಕು ಬಿಗಿಯಾಯಿತು.

ಮುಂದೆ 2006ರ ಅರಣ್ಯ ಹಕ್ಕು ಕಾಯಿದೆ ಬಂದಿತು. ಅದರಂತೆ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ವಾಸವಿದ್ದುದನ್ನು ತೋರಿಸಬೇಕು. ಅಣೆಕಟ್ಟೆಗಾಗಿ ಊರು ಬಿಟ್ಟು 1960ರ ದಶಕದಲ್ಲಿ ಹೊಸ ನೆಲೆಗೆ ಬಂದವನಿಗೆ ಆ ದಿನಾಂಕಕ್ಕೆ ಅಲ್ಲಿ 50 ವರ್ಷವೂ ತುಂಬಿರಲಿಲ್ಲ. ಅದಕ್ಕೆ ಮೊದಲಿನ ಅವನ ವರ್ಷಗಳಿಗೆ ಸಾಕ್ಷಿಯಾಗಬೇಕಾದ ಊರೇ ನೀರಿನಡಿಯಲ್ಲಿದೆ. ಕಾಯಿದೆಯ ಪುಸ್ತಕದಲ್ಲಿ 75 ಎಂಬುದು ಒಂದು ಸಂಖ್ಯೆ. ಆ ಮನೆಯ ಜಗಲಿಯಲ್ಲಿ ಅದು ಒಂದು ಗೋಡೆ. ಈ ವ್ಯತ್ಯಾಸವನ್ನು ಯಾವ ಪ್ರಾಧ್ಯಾಪಕನೂ ತರಗತಿಯಲ್ಲಿ ಪೂರ್ಣವಾಗಿ ಮನಗಾಣಿಸಲಾರ.

ಕಾಗೋಡಿನ ಇತಿಹಾಸವೂ ಇದನ್ನೇ ಹೇಳುತ್ತದೆ. 1951ರ ರೈತ ಸತ್ಯಾಗ್ರಹವನ್ನು ಗೇಣಿಪದ್ಧತಿಯ ವಿರುದ್ಧದ ಹೋರಾಟವೆಂದು ಪಠ್ಯಗಳು ವರ್ಣಿಸುತ್ತವೆ, ಅದು ಸತ್ಯ. ಆದರೆ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಅಲ್ಲಿ ಕಲಹದ ಒಂದು ಮೂಲವಾಗಿತ್ತೆಂಬುದನ್ನು ಅರಿಯದವನಿಗೆ ಆ ಹೋರಾಟದ ಕಾವು ತಿಳಿಯದು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದ್ದು, ರಾಮಮನೋಹರ ಲೋಹಿಯಾ ಅವರು ಇಲ್ಲಿಗೆ ಬಂದು ಬಂಧಿತರಾದದ್ದು ಇಂಥ ಪ್ರತ್ಯಕ್ಷ ಅನ್ಯಾಯದ ಹಿನ್ನೆಲೆಯಲ್ಲಿ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗಲೂ ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಾಯಿತು. ಕಾಯಿದೆ ಎಷ್ಟೇ ಉದಾರವಾಗಿದ್ದರೂ ಅದು ಬಡವನನ್ನು ಮುಟ್ಟುವುದು ಒಂದು ಕಾಗದದ ಮೂಲಕವೇ.

ಆದಕಾರಣ ಸ್ನಾತಕೋತ್ತರ ವಿದ್ಯಾರ್ಥಿಗೆ ಹತ್ತು ಕಚೇರಿಗಳ ದರ್ಶನ ಮಾಡಿಸುವುದಕ್ಕಿಂತ, ಒಂದು ಕುಟುಂಬದ ಒಂದು ಅರ್ಜಿಯನ್ನು ವಹಿಸಿಕೊಡುವುದು ಮೇಲು. ಅವನು ಪಹಣಿಯನ್ನು ಓದಲಿ, ಅರಣ್ಯ ಹಕ್ಕು ಸಮಿತಿಯ ಸಭೆಯಲ್ಲಿ ಕುಳಿತುಕೊಳ್ಳಲಿ, ಮನೆಯ ಹಿರಿಯರ ನೆನಪನ್ನು ದಾಖಲೆಯೊಡನೆ ತಾಳೆ ನೋಡಲಿ, ತಾಲ್ಲೂಕು ಕಚೇರಿಯವರೆಗೆ ಕಡತದ ಜೊತೆ ನಡೆಯಲಿ. ಹಿನ್ನೀರಿನಾಚೆಯ ತುಮರಿಯ ಜನರು ಸಾಗರದ ಕಚೇರಿಗೆ ಬರಲು ದಶಕಗಳ ಕಾಲ ಲಾಂಚನ್ನೇ ನೆಚ್ಚಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದುದು 2025ರ ಜುಲೈಯಲ್ಲಿ. “ನಾಳೆ ಬನ್ನಿ” ಎಂಬ ಎರಡು ಪದಗಳ ಭಾರ ಎಷ್ಟೆಂಬುದನ್ನು ಆ ದಡದಿಂದ ಹೊರಟವನೇ ಬಲ್ಲ. ಹಾಗೆಯೇ, ಮೇಜಿನಾಚೆಯ ನೌಕರನ ಕೈಯನ್ನು ಯಾವ ನಿಯಮ ಕಟ್ಟಿದೆಯೆಂಬುದೂ ವಿದ್ಯಾರ್ಥಿಗೆ ಆಗ ತಿಳಿಯುತ್ತದೆ. ಕಚೇರಿಯನ್ನು ದೂರುವುದು ಸುಲಭ; ಅರ್ಥಮಾಡಿಕೊಂಡು ತಿದ್ದುವುದೇ ವಿದ್ಯೆ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವುಂಟು. ಇಂದು ಬಂದು ನಾಳೆ ಹೋಗುವ ವಿದ್ಯಾರ್ಥಿಯು ನೊಂದವರಲ್ಲಿ ಆಸೆ ಹುಟ್ಟಿಸಿ ಮರೆಯಾದರೆ, ಅವನು ಕಲಿತ ಪಾಠದ ಬೆಲೆಯನ್ನು ಅವರು ತೆತ್ತಂತಾಗುತ್ತದೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಪರಿಹಾರವಾಗಿ ಎರಡು ಕಟ್ಟಳೆಗಳನ್ನಾದರೂ ವಿಧಿಸಬೇಕು. ಮೊದಲನೆಯದು, ಫಲದ ಭರವಸೆ ಕೊಡಬಾರದು. ಎರಡನೆಯದು, ಅವಧಿ ಮುಗಿದಾಗ ಅರ್ಜಿ ಯಾವ ಹಂತದಲ್ಲಿದೆ, ಮುಂದೆ ಯಾರನ್ನು ಕಾಣಬೇಕು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು, ಆ ಮನೆಯವರಿಗೆ ಓದಿ ಹೇಳಿ, ಪ್ರತಿಯನ್ನು ಅವರ ಕೈಗೆ ಕೊಡಬೇಕು. ಮುಂದಿನ ವರ್ಷದ ವಿದ್ಯಾರ್ಥಿ ಅಲ್ಲಿಂದಲೇ ಆರಂಭಿಸಬೇಕು.

ಈ ಕಾರ್ಯದಲ್ಲಿ ಶಿಕ್ಷಕರ, ಹಳೆಯ ವಿದ್ಯಾರ್ಥಿಗಳ, ದಾನಿಗಳ ಪಾತ್ರವೂ ಇದೆ. ವೇತನವಿಲ್ಲದ ತರಬೇತಿಗೆ ಬಡವರ ಮಕ್ಕಳು ಮಲೆನಾಡಿನ ಮಳೆಯಲ್ಲಿ ಬಾಡಿಗೆ ತೆತ್ತು ನಿಲ್ಲಲಾರರು; ಅಂಥ ಅವಕಾಶ ಅನುಕೂಲಸ್ಥರ ಪಾಲಿಗೇ ಉಳಿದರೆ ಲೋಕಸೇವೆಯ ಹೆಸರೇ ಹುಸಿಯಾಗುತ್ತದೆ. ಮೂರು ತಾಲ್ಲೂಕುಗಳ ವಿದ್ಯಾರ್ಥಿನಿಲಯಗಳಲ್ಲಿ ಇಂಥವರಿಗೆ ಒಂದೆರಡು ಹಾಸಿಗೆ, ಎರಡು ಹೊತ್ತಿನ ಊಟ ಮೀಸಲಾದರೆ ಅದು ಕಟ್ಟಡದ ದಾನಕ್ಕೆ ಕಡಿಮೆಯದಲ್ಲ. ನಿವೃತ್ತ ಕಂದಾಯ ನೌಕರರೂ ವಕೀಲರೂ ಆಗಿರುವ ಹಿರಿಯ ವಿದ್ಯಾರ್ಥಿಗಳು ವಾರಕ್ಕೊಂದು ಸಂಜೆ ಕುಳಿತು ಕಡತ ಓದುವುದನ್ನು ಕಲಿಸಬಹುದು.

ಪದವಿಪತ್ರವು ವಿದ್ಯಾರ್ಥಿ ಏನನ್ನು ಓದಿದನೆಂಬುದನ್ನು ಹೇಳುತ್ತದೆ. ಅವನು ಯಾರಿಗೆ ಉತ್ತರ ಹೇಳಬೇಕಾದವನು ಎಂಬುದನ್ನು ಕಲಿಸುವುದು ಆ ಮನೆಯ ಜಗಲಿ. ಮುಂದೆ ಅವನು ಅಧಿಕಾರಿಯಾಗಿ ಕಡತಕ್ಕೆ ಸಹಿ ಹಾಕುವ ದಿನ ಆ ಜಗಲಿ ಅವನ ಕಣ್ಣ ಮುಂದೆ ಬಂದರೆ, ಈ ಶಿಕ್ಷಣ ಸಾರ್ಥಕವಾಯಿತೆಂದು ತಿಳಿಯಬಹುದು.