ಅರ್ಜಿಯ ಜೊತೆಗೊಬ್ಬರು ಹೋಗಬೇಕು

ಮಾರನಹಳ್ಳಿಯಿಂದ ದೋಣಿಗಾಲ್ ತನಕ, ಹೆದ್ದಾರಿ ಬಿಟ್ಟು ಒಳಗಿನ ಎಸ್ಟೇಟ್ ಲೈನುಗಳ ತನಕ, ವಿಕಲಚೇತನರಿಲ್ಲದ ಮೊಹಲ್ಲಾ ಇಲ್ಲವೆಂದೇ ಹೇಳಬೇಕು. ಮರಗಸಿ ಮಾಡುವಾಗ ಸಿಲ್ವರ್ ಮರದಿಂದ ಬಿದ್ದು ಸೊಂಟದ ಬಲ ಕಳೆದುಕೊಂಡವರಿದ್ದಾರೆ. ಕಾಳುಮೆಣಸು ಕುಯ್ಯುವ ಏಣಿಯಿಂದ ಜಾರಿದವರಿದ್ದಾರೆ. ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳು, ವಯಸ್ಸು ಬಂದರೂ ಬುದ್ಧಿ ಬೆಳೆಯದ ಹೆಣ್ಮಕ್ಕಳು ಇದ್ದಾರೆ. ಇವರ ಮನೆಯವರಲ್ಲಿ ಸರಕಾರದ ಮಾಸಾಶನ ಬರುತ್ತದಾ ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಒಮ್ಮೆ ಅರ್ಜಿ ಹಾಕಿದ್ದೆವು ಉಸ್ತಾದ್, ಮತ್ತೆ ಏನಾಯ್ತೋ ಗೊತ್ತಿಲ್ಲ."

ಈ 'ಮತ್ತೆ ಏನಾಯ್ತೋ' ಎಂಬಲ್ಲೇ ಎಲ್ಲವೂ ನಿಂತಿದೆ. ಅರ್ಜಿ ಹಾಕಿಸುವವರು ಸಿಗುತ್ತಾರೆ. ಅದರ ಬೆನ್ನು ಹಿಡಿದು ಕೊನೆ ತನಕ ಜೊತೆಗೆ ಹೋಗುವವರು ಸಿಗುವುದಿಲ್ಲ.

ಕಾನೂನು ಇಲ್ಲ, ಯೋಜನೆ ಇಲ್ಲ ಎಂದು ದೂರುವ ಹಾಗಿಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದು 21 ಆಯಿತು. ಆಟಿಸಂ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಥಲಸ್ಸೀಮಿಯಾ ಎಲ್ಲವೂ ಈಗ ಪಟ್ಟಿಯಲ್ಲಿವೆ. ಹುಟ್ಟಿನಿಂದ ಬಂದದ್ದೇ ಆಗಬೇಕೆಂದಿಲ್ಲ, ತೋಟದ ಕೆಲಸದಲ್ಲಿ ಬಿದ್ದು ಕಾಲು ಹೋದವರಿಗೂ ಅದೇ ಹಕ್ಕು. ವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚೆಂದು ವೈದ್ಯರು ಬರೆದುಕೊಟ್ಟರೆ ಸೌಲಭ್ಯದ ಬಾಗಿಲು ತೆರೆಯುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಕೊಡುತ್ತಿರುವ ಮಾಸಾಶನ ಶೇ. 40ರಿಂದ 75ರ ಒಳಗಿನವರಿಗೆ 800 ರೂಪಾಯಿ, ಶೇ. 75 ದಾಟಿದವರಿಗೆ 1,400 ರೂಪಾಯಿ. ತೀವ್ರ ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ ಇರುವವರಿಗೆ 2,000 ರೂಪಾಯಿ. ದೊಡ್ಡ ಮೊತ್ತವಲ್ಲ, ಸರಿ. ಆದರೆ ತಿಂಗಳು ತಿಂಗಳು ಗಂಡನ ಮುಂದೆಯೋ ಅಣ್ಣನ ಮುಂದೆಯೋ ಕೈಚಾಚಿ ಮಾತ್ರೆ ತರಿಸಿಕೊಳ್ಳುವ ಹೆಂಗಸಿಗೆ 1,400 ರೂಪಾಯಿ ಏನೆಂದು ಅವಳಿಗೇ ಗೊತ್ತು.

ದಾರಿ ಹೀಗಿದೆ. ಮೊದಲು ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ. ಇದಕ್ಕೆ ಸರಕಾರಿ ಶುಲ್ಕ ಇಲ್ಲ. ನಂತರ ಸರಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಸಂಬಂಧಪಟ್ಟ ತಜ್ಞರು ಇಲ್ಲದಿದ್ದರೆ ಇನ್ನೂ ಸುಮಾರು 40 ಕಿ.ಮೀ. ಮುಂದೆ ಹಾಸನದ ಹಿಮ್ಸ್. ಪ್ರಮಾಣಪತ್ರ ಕೈಗೆ ಬಂದ ಮೇಲೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಬೇರೆಯೇ ಅರ್ಜಿ. ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆ, ತಹಶೀಲ್ದಾರರ ಮಂಜೂರಾತಿ, ಕೊನೆಗೆ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಎಷ್ಟೋ ಮಂದಿ ಗುರುತಿನ ಚೀಟಿ ಸಿಕ್ಕಿದ ಕೂಡಲೇ ಕೆಲಸ ಮುಗಿಯಿತೆಂದು ಮನೆಯಲ್ಲಿ ಕುಳಿತಿದ್ದಾರೆ. ಚೀಟಿ ಬೇರೆ, ಮಾಸಾಶನ ಬೇರೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಈ ದಾರಿಯಲ್ಲಿ ನಮ್ಮವರು ಎಡವುವ ಕಲ್ಲುಗಳು ಕೆಲವಿವೆ. ಮೊದಲನೆಯದು ಹೆಸರು. ಆಧಾರ್‌ನಲ್ಲಿ ಮೊಹಿಯುದ್ದೀನ್, ರೇಷನ್ ಕಾರ್ಡಿನಲ್ಲಿ ಮೊಯ್ದಿನ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮೋನು. ಒಂದು ಕಡೆ ಆಯಿಶಾ, ಇನ್ನೊಂದು ಕಡೆ ಐಸಮ್ಮ. ಊರಿನಲ್ಲಿ ಎಲ್ಲರಿಗೂ ಇವರು ಒಬ್ಬರೇ. ಕಂಪ್ಯೂಟರಿಗೆ ಇಬ್ಬರು, ಮೂವರು. ಅರ್ಜಿ ಹಾಕುವ ಮೊದಲೇ ಎಲ್ಲಾ ದಾಖಲೆಗಳಲ್ಲಿ ಹೆಸರು, ಹುಟ್ಟಿದ ತಾರೀಕು ಒಂದೇ ಮಾಡಿಸದಿದ್ದರೆ ಅರ್ಜಿ ಎಲ್ಲೋ ಒಂದು ಕಡೆ ನಿಂತೇ ನಿಲ್ಲುತ್ತದೆ.

ಎರಡನೆಯದು ಆಸ್ಪತ್ರೆಯ ಕಾಗದ. ಉಪ್ಪಿನಂಗಡಿ, ಪುತ್ತೂರು ಕಡೆ ಕುಟುಂಬ ಇರುವುದರಿಂದ ಕಾಯಿಲೆ ಬಂದರೆ ನಮ್ಮವರು ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಾರೆ. ಅಲ್ಲಿನ ಖಾಸಗಿ ಆಸ್ಪತ್ರೆಯ ದಪ್ಪ ಫೈಲನ್ನೇ ಅಂಗವಿಕಲ ಸರ್ಟಿಫಿಕೇಟ್ ಎಂದುಕೊಂಡವರಿದ್ದಾರೆ. ಅದು ಪೂರಕ ದಾಖಲೆ ಮಾತ್ರ. ಪ್ರಮಾಣಪತ್ರವನ್ನು ಕೊಡಬೇಕಾದದ್ದು ನಾವು ವಾಸವಿರುವ ಜಿಲ್ಲೆಯ, ಇಲ್ಲವೇ ಚಿಕಿತ್ಸೆ ಪಡೆದ ಸರಕಾರಿ ಆಸ್ಪತ್ರೆಯ ಅಧಿಕೃತ ವೈದ್ಯರು. ಆದರೂ ಆ ಫೈಲನ್ನು ಬಿಸಾಡಬೇಡಿ. ತಪಾಸಣೆಯ ದಿನ ಅದು ಬೇಕಾಗುತ್ತದೆ.

ಮೂರನೆಯದು ದಾರಿ ಮತ್ತು ದಿನಗೂಲಿ. ಮಗನನ್ನು ಎತ್ತಿಕೊಂಡು ಹೋಗುವ ತಾಯಿಗೆ 2023ರ ಜೂನ್‌ನಿಂದ ಸರಕಾರಿ ಬಸ್ಸು ಉಚಿತ, ಸಂತೋಷ. ಬೆಳೆದ ಮಗನಿಗೆ ಟಿಕೆಟ್ ಬೇಕು. ಮನೆಯಿಂದ 100 ಕಿ.ಮೀ. ಒಳಗೆ ಓಡಾಡಲು ವಿಕಲಚೇತನರಿಗೆ ರಿಯಾಯಿತಿ ಪಾಸ್ ಇದೆ, ಹಾಸನವೂ ಅದರೊಳಗೆ ಬರುತ್ತದೆ. ಆದರೆ ಆ ಪಾಸ್ ಸಿಗಲು ಗುರುತಿನ ಚೀಟಿ ಮೊದಲು ಬೇಕು! ತಾಯಿಯ ಆ ದಿನದ ಕೂಲಿಯೂ ಹೋಯಿತು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. 2024ರ ಜುಲೈಯಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಜರಿದು ಹೆದ್ದಾರಿ ಬಂದ್ ಆದದ್ದು ಎಲ್ಲರಿಗೂ ನೆನಪಿದೆ. ಗಾಲಿಕುರ್ಚಿಯಲ್ಲಿರುವವರ ಆಸ್ಪತ್ರೆ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳುವುದು ಜಾಣತನ.

ಹಾಗಾದರೆ ಸಹಾಯಕ್ಕೆ ಯಾರಿದ್ದಾರೆ? ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಯ ನಂಬರ್ ನಮ್ಮ ಜನರ ಫೋನಿನಲ್ಲಿರುತ್ತದೆ. ಈ ಕೆಲಸಕ್ಕಾಗಿಯೇ ಸರಕಾರ ನೇಮಿಸಿದವರ ಹೆಸರು ಗೊತ್ತಿರುವುದಿಲ್ಲ. ಗ್ರಾಮ ಪಂಚಾಯತ್ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯು., ಇದ್ದಾರೆ. ತಾಲೂಕು ಪಂಚಾಯತ್‌ನಲ್ಲಿ ಎಂ.ಆರ್.ಡಬ್ಲ್ಯು. ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿ ಇದೆ. ವಿ.ಆರ್.ಡಬ್ಲ್ಯು.ಗಳು ಸ್ವತಃ ವಿಕಲಚೇತನರು, ಸಣ್ಣ ಗೌರವಧನಕ್ಕೆ ದುಡಿಯುವವರು. ಕಾಫಿ ತೋಟದ ಏರುದಾರಿಯಲ್ಲಿ ಪ್ರತಿ ಮನೆಗೂ ಅವರೇ ಬರಲಿ ಎನ್ನುವುದು ನ್ಯಾಯವಲ್ಲ. ನಾವು ಅವರ ಬಳಿ ಹೋಗಬೇಕು, ಅಥವಾ ಜೀಪು ಕಳಿಸಿ ಕರೆಸಿಕೊಳ್ಳಬೇಕು. ಗ್ರಾಮ ಪಂಚಾಯತ್ ತನ್ನ ಸ್ವಂತ ಆದಾಯದಲ್ಲಿ ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವೂ ಇದೆ. ಅದು ಎಲ್ಲಿ ಖರ್ಚಾಯಿತೆಂದು ಗ್ರಾಮಸಭೆಯಲ್ಲಿ ಎದ್ದು ಕೇಳುವವರು ಬೇಕು.

ಕಹಿಯಾದರೂ ಹೇಳಬೇಕಾದ ಮಾತೊಂದಿದೆ. ಕೆಲವು ಮನೆಗಳಲ್ಲಿ ಬುದ್ಧಿ ಬೆಳೆಯದ ಮಗಳಿದ್ದಾಳೆಂದು ನೆರೆಮನೆಗೂ ಗೊತ್ತಿರುವುದಿಲ್ಲ. ಅವಳ ಹೆಸರು ಪಟ್ಟಿಗೆ ಬಂದರೆ ತಂಗಿಯ ಮದುವೆ ಸಂಬಂಧ ತಪ್ಪೀತು ಎಂಬ ಭಯ. ಆ ಭಯ ಹುಟ್ಟಿಸಿದವರು ಸಂಬಂಧ ನೋಡಲು ಬರುವ ನಮ್ಮದೇ ಜನ. ಅದಕ್ಕಾಗಿ ಒಂದು ಜೀವವನ್ನು ಒಳಕೋಣೆಯಲ್ಲಿಟ್ಟು ಅವಳ ಹಕ್ಕು ಕಳೆಯುವುದು ಅನ್ಯಾಯ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ 1 ಲಕ್ಷ ರೂಪಾಯಿ ತನಕ ಚಿಕಿತ್ಸಾ ವೆಚ್ಚ ಸಿಗುತ್ತದೆ. 18 ದಾಟಿದ ಮೇಲೆ ಇಂಥವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸಮಿತಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿದೆ. ಉಮ್ಮ ಇರುವ ತನಕ ಸರಿ, ಅವರ ಕಾಲಾನಂತರ ಈ ಮಗಳಿಗೆ ಯಾರು? ಆ ಪ್ರಶ್ನೆಗೆ ಉತ್ತರ ಹುಡುಕಲಾದರೂ ಅವಳ ಹೆಸರು ಹೊರಗೆ ಬರಬೇಕು.

ಒಟ್ಟಾಗಿ ಹೋದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಘಟ್ಟ ಇಳಿದರೆ ಕೊಕ್ಕಡ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನಲುಗಿದ ಆ ಭಾಗದ ಕುಟುಂಬಗಳು ಒಂದೊಂದೇ ಅರ್ಜಿ ಹಿಡಿದು ಅಲೆಯುತ್ತಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ. ಜಾತಿ, ಮತ ನೋಡದೆ ಒಂದಾಗಿ ಕುಳಿತರು, ನ್ಯಾಯಾಲಯದ ತನಕ ಹೋದರು. ಪ್ರತ್ಯೇಕ ಮಾಸಾಶನ ಬಂತು, ಕೊಕ್ಕಡದಲ್ಲೇ ಪಾಲನಾ ಕೇಂದ್ರ ಬಂತು.

ನಮ್ಮ ಜಮಾಅತ್‌ಗಳು ಮಾಡಬಹುದಾದದ್ದು ಅದಕ್ಕಿಂತ ಸುಲಭ. ಜುಮಾ ದಿನ ಮಸೀದಿ ಬಾಗಿಲಲ್ಲಿ ಕೈಗೆ ಐವತ್ತು, ನೂರು ಇಡುವ ಉದಾರಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ನೂರು ಸಂಜೆಗೆ ಮುಗಿಯುತ್ತದೆ. ಪ್ರತಿ ಜಮಾಅತ್ ಕಂಪ್ಯೂಟರ್ ಬಲ್ಲ ಒಬ್ಬ ಯುವಕನನ್ನೂ ಮನೆಯೊಳಗೆ ಹೋಗಿ ಮಾತಾಡಬಲ್ಲ ಒಬ್ಬ ಹೆಣ್ಮಗಳನ್ನೂ ಈ ಕೆಲಸಕ್ಕೆ ಗೊತ್ತು ಮಾಡಲಿ. ಅವರು ಮನೆ ಮನೆಗೆ ಹೋಗಿ ಪಟ್ಟಿ ಮಾಡಲಿ, ಹೆಸರಿನ ವ್ಯತ್ಯಾಸ ಸರಿಪಡಿಸಲಿ, ಆಸ್ಪತ್ರೆಯ ದಿನ ಜೊತೆಗೆ ಹೋಗಲಿ. ಕನ್ನಡದಲ್ಲಿ ಹೇಳಲು ತಡವರಿಸುವ ಉಮ್ಮಂದಿರ ಮಾತನ್ನು ಡಾಕ್ಟರಿಗೆ ತಲುಪಿಸಲಿ. ಅರ್ಜಿಯ ನಂಬರ್, ರಸೀದಿ, ಜೆರಾಕ್ಸ್ ಒಂದು ಫೈಲಿನಲ್ಲಿ ಇರಲಿ. ಜೀಪಿನ ಬಾಡಿಗೆ ಜಮಾಅತ್ ಕೊಡಲಿ. ವಿ.ಆರ್.ಡಬ್ಲ್ಯು. ಅವರನ್ನು ತಿಂಗಳಿಗೊಮ್ಮೆ ಮದ್ರಸದ ಹಾಲ್‌ಗೆ ಕರೆದು ಕೂರಿಸಲಿ. ಅಲ್ಲಿಗೆ ಲೈನುಗಳಲ್ಲಿರುವ ಬೇರೆ ಸಮುದಾಯದ ಕೂಲಿ ಕಾರ್ಮಿಕರೂ ಬರಲಿ, ಅವರ ಕಷ್ಟವೂ ಇದೇ.

ಅರ್ಜಿ ತಿರಸ್ಕಾರವಾದರೆ ಸುಮ್ಮನಾಗಬೇಡಿ. ಶೇಕಡಾವಾರು ಕಡಿಮೆ ಬರೆದಿದ್ದಾರೆ ಎನಿಸಿದರೆ 90 ದಿನಗಳೊಳಗೆ ಮೇಲ್ಮನವಿ ಹಾಕಬಹುದು. 2024ರಲ್ಲಿ ತಿದ್ದಿದ ನಿಯಮದಂತೆ ಪ್ರಮಾಣಪತ್ರ ಕೊಡಲು 3 ತಿಂಗಳ ಅವಧಿ ಇದೆ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ತೀರ್ಮಾನವಾಗದೆ 2 ವರ್ಷ ದಾಟಿದ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಹಾಕಬೇಕಾಗಬಹುದು. 'ಒಮ್ಮೆ ಹಾಕಿದ್ದೆವು' ಎನ್ನುವವರು ಇಂದೇ ಹಳೆಯ ರಸೀದಿ ಹುಡುಕಿ. ತಾತ್ಕಾಲಿಕ ಪ್ರಮಾಣಪತ್ರ ಇರುವವರು ಅವಧಿ ಮುಗಿಯುವ ತಾರೀಕನ್ನು ನೋಡಿಕೊಳ್ಳಿ. ಎಲ್ಲಿಯೂ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿದ್ದಾರೆ, ಅವರಿಗೆ ದೂರು ಬರೆಯಬಹುದು.

ಜಮಾಅತ್ ಸಭೆಗಳಲ್ಲಿ ಮಿನಾರದ ಬಣ್ಣ, ಮೈಕ್ ಸೆಟ್, ಕಾಂಪೌಂಡ್ ಗೋಡೆಯ ಬಗ್ಗೆ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಆಗಲಿ. ಮುಂದಿನ ಸಭೆಯಲ್ಲಿ ಅದರ ಜೊತೆಗೆ ಒಂದು ಪ್ರಶ್ನೆ ಸೇರಲಿ: ನಮ್ಮ ಮೊಹಲ್ಲಾದಲ್ಲಿ ವಿಕಲಚೇತನರು ಎಷ್ಟು ಮಂದಿ, ಅವರಲ್ಲಿ ಮಾಸಾಶನ ಬರುತ್ತಿರುವುದು ಎಷ್ಟು ಮಂದಿಗೆ? ಎರಡು ಸಂಖ್ಯೆಗಳ ನಡುವೆ ಅಂತರ ಎಷ್ಟಿದೆಯೋ, ಅಷ್ಟು ಕೆಲಸ ನಮ್ಮ ಮೇಲಿದೆ.